ಉಕ್ಕಿನ ಕತ್ತಿಯೂ ತಂಗಡಿ ಕಡ್ಡಿಯೂ

ಮೊನ್ನೆ ತರಗತಿಯಲ್ಲಿ ಟಿಪ್ಪುವಿನ ಪಾಠ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅವನ ಕತ್ತಿಯೊಂದು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತೆಂದು ಹೇಳಿದೆ. "ಚಿನ್ನದ್ದಾ ಸಾರ್?" ಎಂದು ಒಬ್ಬ ಹುಡುಗ ಕೇಳಿದ. ಹಿಡಿಯ ಮೇಲಿನ ಅಕ್ಷರ ಚಿನ್ನದ್ದು, ಅಲಗು ಉಕ್ಕಿನದು ಕಣೋ ಎಂದರೆ ಅವನ ಮುಖ ಸಪ್ಪಗಾಯಿತು. ಉಕ್ಕು ಎಂದರೆ ನಮ್ಮ ಮಕ್ಕಳಿಗೆ ಅಷ್ಟೇ!

ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಅದರಲ್ಲಿ ಆ ಉಕ್ಕಿನ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಎಂಬ ಮಾತೇ ಹಾಗೆ ತಿರುಚಿಕೊಂಡಿತೆಂದು ಬಹಳ ವಿದ್ವಾಂಸರ ಅಭಿಪ್ರಾಯ. ತೆಲುಗಿನಲ್ಲೂ ಅದು ಉಕ್ಕೇ, ಆದ್ದರಿಂದ ಹಿಂದೂಪುರ, ಕಲ್ಯಾಣದುರ್ಗದ ನಾವು ಈ ವಿಷಯಕ್ಕೆ ಜಗಳವಾಡಬೇಕಾಗಿಲ್ಲ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ನೆರೆಯ ಮಧುಗಿರಿ ಸೀಮೆಯಲ್ಲಿ ಓಡಾಡಿದ. ಮಳೆಗಾಲದ ಹಳ್ಳಗಳು ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆದು, ಅದರ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಕಡ್ಡಿ, ಹಸಿರು ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯಲ್ಲಿದ್ದ ಇಂಗಾಲ ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತಿತ್ತು. ತಂಗಡಿ ಎಂದರೆ ತೆಲುಗಿನವರ ತಂಗೇಡು, ನಮ್ಮ ದಾರಿಬದಿಯ ಹಳದಿ ಹೂವಿನ ಗಿಡವೇ!

ಮೂಸೆಯ ಗಟ್ಟಿಯನ್ನು ಹದವಾದ ಕಾವಿನಲ್ಲಿ ಬಡಿದು ಅಲಗು ಮಾಡಿ ಆಮ್ಲ ಸವರಿದರೆ ನೀರಿನ ಅಲೆಯಂತಹ ಗೆರೆ ಏಳುತ್ತವೆ. ಆ ಗೆರೆಯನ್ನು ಯಾರೂ ಕೆತ್ತಿದ್ದಲ್ಲ, ಲೋಹದೊಳಗೇ ಇದ್ದದ್ದು. ಜಗತ್ತು ಅದನ್ನು 'ಡಮಾಸ್ಕಸ್' ಎನ್ನುತ್ತದೆ. ಹೆಸರು ಸಿರಿಯಾದ ಊರಿಗೆ ಹೋಯಿತು.

ಜಪಾನಿನವರೂ ಕಪ್ಪು ಮರಳಿನಿಂದಲೇ ಕತ್ತಿಯ ಉಕ್ಕು ತೆಗೆಯುತ್ತಾರೆ. ಆದರೆ ಅವರು ಉಕ್ಕನ್ನು ಮತ್ತೆ ಮತ್ತೆ ಮಡಿಸಿ ಬಡಿಯುತ್ತಾರೆ, ಅಲಗಿಗೆ ಮಣ್ಣು ಮೆತ್ತಿ ನೀರಿಗೆ ಅದ್ದಿ ಅಂಚನ್ನು ಗಡುಸು ಮಾಡುತ್ತಾರೆ. ಹಿಡಿಗೆ ಬಿದಿರಿನ ಗೂಟ ಹೊಡೆದು ಅಲಗನ್ನು ನಿಲ್ಲಿಸುತ್ತಾರೆ. ನಮ್ಮ ತಲವಾರಿನಲ್ಲಿ ಹಿಡಿಯೊಳಗೆ ಅರಗಿನಂತಹ ಅಂಟು ಕರಗಿಸಿ ಸುರಿದು ಅಲಗು ಕೂರಿಸುತ್ತಿದ್ದರು. ಹಿಡಿಯ ಉಕ್ಕನ್ನು ಸಣ್ಣದಾಗಿ ಗೀರಿ, ಆ ಗೀರಿನ ಮೇಲೆ ಚಿನ್ನದ ತಂತಿಯನ್ನು ಬಡಿದು ಹೂಬಳ್ಳಿ ಮೂಡಿಸುವುದು ಕೋಫ್ತ್‌ಗರಿ. ಇದೂ ಕಮ್ಮಾರಿಕೆಯಷ್ಟೇ ತಾಳ್ಮೆಯ ಕೆಲಸ.

1876ರಲ್ಲಿ ಜಪಾನ್ ಸರ್ಕಾರ ಬೀದಿಯಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಇಲ್ಲಿ 1878ರಲ್ಲಿ ಆಯುಧ ಕಾಯಿದೆ ಬಂತು. ಅಲ್ಲಿ ಕತ್ತಿ ಮಾಡುವ ವಿದ್ಯೆ ಇಂದಿಗೂ ಇದೆ. ನಮ್ಮ ಮೂಸೆಗಳು ಆರಿಹೋದವು, ವಿಲಾಯಿತಿಯ ಅಗ್ಗದ ಕಬ್ಬಿಣದ ಎದುರು ನಿಲ್ಲಲಿಲ್ಲ.

ಮರುದಿನ ಆ ಹುಡುಗ ಒಂದು ತಂಗಡಿ ಕಡ್ಡಿ ಮುರಿದು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದ.