ದಿನ ತುಂಬದೆ ಹುಟ್ಟಿದ ಶಿಶುಗಳಲ್ಲಿ ಉಸಿರಾಟ ಮತ್ತು ತೂಕದ ಸಂಬಂಧ

37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಆಸ್ಪತ್ರೆ ಕಡತದಲ್ಲಿ ಉಸಿರಾಟದ ವಿವರ ಒಂದು ಹಾಳೆಯಲ್ಲಿ, ತೂಕ ಇನ್ನೊಂದರಲ್ಲಿ ಇರುತ್ತದೆ. ಅವೆರಡನ್ನೂ ಜೊತೆಗಿಟ್ಟು ಓದಬೇಕೆಂಬುದು ಈ ಲೇಖನದ ವಾದ.

ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಗೂಡುಗಳು ಮುದುಡಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಈ ಶಿಶುಗಳಲ್ಲಿ ಸಾಲದು ಎಂಬುದನ್ನು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಅದನ್ನು ಹೊರಗಿನಿಂದ ಕೊಟ್ಟು ಫಲ ಕಂಡಿತು. ಅಷ್ಟರೊಳಗೆ ಇನ್ನೊಂದು ತೊಡಕು ಬೆಳಕಿಗೆ ಬಂದಿತ್ತು. ವೆಂಟಿಲೇಟರ್ ಮತ್ತು ಹೆಚ್ಚಿನ ಆಮ್ಲಜನಕದಿಂದ ಬದುಕುಳಿದ ಶಿಶುಗಳ ಶ್ವಾಸಕೋಶದಲ್ಲಿ ಉಳಿಯುವ ದೀರ್ಘಕಾಲದ ಹಾನಿಯನ್ನು 1967ರಲ್ಲಿ ನಾರ್ತ್‌ವೇ ಮತ್ತು ಸಂಗಡಿಗರು ವರ್ಣಿಸಿ, ಅದಕ್ಕೆ ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ ಎಂದು ಹೆಸರಿಟ್ಟರು. ಇಂದು 24–28 ವಾರಕ್ಕೇ ಹುಟ್ಟಿ ಉಳಿಯುವ ಶಿಶುಗಳಲ್ಲಿ ಈ ಕಾಯಿಲೆಯ ಸ್ವರೂಪ ಬೇರೆ: ಗಾಯಕ್ಕಿಂತ ಹೆಚ್ಚಾಗಿ ಗಾಳಿಗೂಡುಗಳ ಬೆಳವಣಿಗೆಯೇ ಅರ್ಧಕ್ಕೆ ನಿಂತಿರುತ್ತದೆ. ಆದರೆ ಬಹುಪಾಲು ಗಾಳಿಗೂಡುಗಳು ಮೂಡುವುದು ಜನನದ ನಂತರವೇ. ಹಾಗಾಗಿ ಶ್ವಾಸಕೋಶ ಚೇತರಿಸಿಕೊಳ್ಳಬೇಕಾದರೆ ಮಗು ಬೆಳೆಯಲೇಬೇಕು.

ಬೆಳೆಯುವುದೇ ಇಲ್ಲಿ ಕಷ್ಟ. ಏದುಸಿರಿಗೆ ಶಕ್ತಿ ವ್ಯಯವಾಗುವುದರಿಂದ ಇಂಥ ಶಿಶುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 120ರಿಂದ 150 ಕಿಲೋಕ್ಯಾಲರಿ ಬೇಕಾಗಬಹುದು. ಶ್ವಾಸಕೋಶದಲ್ಲಿ ನೀರು ತುಂಬದಿರಲೆಂದು ದ್ರವದ ಪ್ರಮಾಣ ತಗ್ಗಿಸಿದರೆ ಆಹಾರವೂ ತಗ್ಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಹೊಂದಿಕೊಳ್ಳುವುದು ಸುಮಾರು 34 ವಾರಗಳ ಹೊತ್ತಿಗೆ. ಆಮೇಲೂ ಹಾಲು ಕುಡಿಯುತ್ತಲೇ ದಣಿಯುವ ಮಕ್ಕಳಿದ್ದಾರೆ. ವೆಂಟಿಲೇಟರ್‌ನಿಂದ ಬಿಡಿಸಲು ಕೊಡುತ್ತಿದ್ದ ಡೆಕ್ಸಾಮೆಥಾಸೋನ್ ಉಸಿರನ್ನು ಸುಧಾರಿಸಿ ಬೆಳವಣಿಗೆಯನ್ನು ಕುಂಠಿತಗೊಳಿಸಿತು, ಮಿದುಳಿಗೂ ಅಪಾಯ ತಂದಿತು. ಅದನ್ನು ವಾಡಿಕೆಯಾಗಿ ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲಿ ಎಚ್ಚರಿಸಿತು. ಒಂದೇ ಹಾಳೆ ನೋಡಿ ಚಿಕಿತ್ಸೆ ನಿರ್ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ಕಾಣದು.

1987ರಲ್ಲಿ ಗ್ರೂಟ್‌ಹೌಸ್ ಮತ್ತು ರೋಸೆನ್‌ಬರ್ಗ್ ಪ್ರಕಟಿಸಿದ ಅಧ್ಯಯನ ಈ ನಂಟನ್ನು ನೇರವಾಗಿ ತೋರಿಸುತ್ತದೆ. ಮನೆಯಲ್ಲಿ ಆಮ್ಲಜನಕ ಪಡೆಯುತ್ತಿದ್ದ ಮಕ್ಕಳು ಚೆನ್ನಾಗಿ ಬೆಳೆದರು. ಹೆತ್ತವರು ಅದನ್ನು ಬೇಗ ನಿಲ್ಲಿಸಿದ ಮಕ್ಕಳ ತೂಕದ ಏರಿಕೆ ಕುಸಿಯಿತು. ಆದ್ದರಿಂದ ಅಂಗನವಾಡಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಇಂಥ ಮಗುವಿನ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಿಯೇ ತೂಕ ಅಳೆಯಬೇಕು. ಹಾಗೆ ಅಳೆದೂ ತೂಕ ಏರದಿದ್ದರೆ, ತಾಯಿಯ ಹಾಲು ಸಾಲದೆಂದು ತೀರ್ಮಾನಿಸುವ ಮುನ್ನ ಮಗು ಹಾಲು ಕುಡಿಯುವಾಗ ಮತ್ತು ನಿದ್ರಿಸುವಾಗ ರಕ್ತದ ಆಮ್ಲಜನಕ ಮಟ್ಟವನ್ನು ಪರೀಕ್ಷಿಸಬೇಕು.