ಕಾವೇರಿ ತೀರದ ದರಿಯಾ ದೌಲತ್ ಅರಮನೆಯೂ ಶಿರಾ ಸೀಮೆಯ ನಂಟೂ

ರೊಳ್ಳ, ಮಡಕಶಿರಾ, ಶಿರಾ ಸೀಮೆಯ ಭಕ್ತಾದಿಗಳು ಶ್ರೀರಂಗಪಟ್ಟಣದ ಯಾತ್ರೆಗೆ ಹೊರಟರೆ ಕಾವೇರಿಯಲ್ಲಿ ಮಿಂದು, ಆದಿರಂಗನ ದರ್ಶನ ಮಾಡಿ, ಗಂಜಾಮಿನ ನಿಮಿಷಾಂಬೆಗೆ ಹಣ್ಣುಕಾಯಿ ಒಪ್ಪಿಸಿ ಹಿಂದಿರುಗುವುದು ವಾಡಿಕೆ. ಈ ಎರಡು ಸನ್ನಿಧಿಗಳ ನಡುವೆ, ಕೋಟೆಯ ಹೊರಗೆ, ನದಿಯ ಉತ್ತರದ ಕವಲಿಗೆ ಮುಖಮಾಡಿ ದರಿಯಾ ದೌಲತ್ ಅರಮನೆಯಿದೆ. ಪ್ರವಾಸಿಗರು ನೋಡುವ ಜಾಗವೆಂದು ಅದನ್ನು ಬದಿಗಿಟ್ಟು ಮುಂದೆ ಹೋಗುವವರೇ ಹೆಚ್ಚು. ಆದರೆ ಆ ಅರಮನೆಯ ಚರಿತ್ರೆಗೂ ಈ ಗಡಿನಾಡಿಗೂ ಹತ್ತಿರದ ನಂಟಿದೆ.

ಶ್ರೀರಂಗಪಟ್ಟಣಕ್ಕೂ ಈ ಸೀಮೆಗೂ ಸಂಬಂಧ ಹಳೆಯದು. 1565ರಲ್ಲಿ ವಿಜಯನಗರ ಹಾಳಾದ ಮೇಲೆ ಅರಸರು ಪೆನುಗೊಂಡೆಗೆ ಬಂದು ನೆಲೆಸಿದರು. ಶ್ರೀರಂಗಪಟ್ಟಣದಲ್ಲಿ ಅವರ ಪ್ರತಿನಿಧಿಗಳು ಆಳುತ್ತಿದ್ದರು. 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ದಸರಾ ಉತ್ಸವ ನಡೆಸಿದರು. ಮುಂದೆ ಮೈಸೂರಿನ ಅಧಿಕಾರ ಹೈದರಾಲಿಯ ಕೈಸೇರಿತು.

1687ರಿಂದ ಮೊಗಲರ ಸುಬಾ ಆಗಿದ್ದ ಶಿರಾ ಆ ಕಾಲಕ್ಕೆ ದೊಡ್ಡ ಪಟ್ಟಣ. ಅಲ್ಲಿ ಸುಬೇದಾರ ದಿಲಾವರ್ ಖಾನನು ಕಟ್ಟಿಸಿದ್ದ ಅರಮನೆ ಅತ್ಯಂತ ಸೊಗಸಾದುದೆಂದು ಹೆಸರಾಗಿತ್ತು. 1761ರಲ್ಲಿ ಶಿರಾ ಹೈದರಾಲಿಗೆ ದಕ್ಕಿತು. ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ದಿಲಾವರ್ ಖಾನನ ಮನೆಯೇ ಮಾದರಿಯಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಮಾದರಿ ಮಾತ್ರ ಹೋಗಿದ್ದರೆ ನಷ್ಟವೇನೂ ಇರಲಿಲ್ಲ. ಟಿಪ್ಪು ಸುಲ್ತಾನನು ದ್ವೀಪದಲ್ಲಿ ಹೊಸದಾಗಿ ಹಾಕಿಸಿದ ಷಹರ್ ಗಂಜಾಂ ಪೇಟೆಗೆ ಜನ ಬೇಕೆಂದು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತು. ಹೊಲ, ಮಗ್ಗ, ಅಂಗಡಿ, ಮನೆದೇವರ ಗುಡಿ ಎಲ್ಲವನ್ನೂ ಬಿಟ್ಟು ನಡೆದ ಆ ಜನರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಶಿರಾ ಪಟ್ಟಣ ಆ ಪೆಟ್ಟಿನಿಂದ ಮತ್ತೆ ಹಿಂದಿನ ಸ್ಥಿತಿಗೆ ಬರಲಿಲ್ಲ.

ದರಿಯಾ ದೌಲತ್ ಎಂದರೆ ಸಮುದ್ರದ ಸಂಪತ್ತು ಎಂದರ್ಥ. ಟಿಪ್ಪು ಸುಲ್ತಾನನು 1784ರಲ್ಲಿ ಇದನ್ನು ಬೇಸಿಗೆಯ ವಾಸಕ್ಕಾಗಿ ಕಟ್ಟಿಸಿದನು. ಎತ್ತರದ ಜಗತಿ, ಸುತ್ತಲೂ ಮರದ ಕಂಬಗಳ ಮೊಗಸಾಲೆ, ಹೆಚ್ಚಿನ ಕೆಲಸವೆಲ್ಲ ತೇಗದ ಮರದ್ದು. ಗೋಡೆಯಲ್ಲಿ ಬಣ್ಣವಿಲ್ಲದ ಜಾಗ ಹುಡುಕಿದರೂ ಸಿಗದು. ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಪೂರ್ವದ ಗೋಡೆಯ ಒಡ್ಡೋಲಗದ ಚಿತ್ರಗಳಲ್ಲಿ ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡ ಮೊದಲಾದವರನ್ನು ಕಾಣಬಹುದು.

ಕಟ್ಟಿಸಿದವನಿಗೆ ಅರಮನೆ ದಕ್ಕಿದ್ದು ಕೇವಲ 15 ವರ್ಷ. 1799ರ ಮೇ 4ರಂದು ಟಿಪ್ಪು ಯುದ್ಧದಲ್ಲಿ ಮಡಿದನು. ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಪಟ್ಟವಾಯಿತಾದರೂ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿತು. ಅದೇ ಹಂಚಿಕೆಯಲ್ಲಿ ಅನಂತಪುರ ಸೀಮೆಯ ಬಹುಭಾಗ ನಿಜಾಮನ ಪಾಲಾಗಿ, 1800ರಲ್ಲಿ ಅವನಿಂದ ಕಂಪನಿಗೆ ಬಂದು ದತ್ತಮಂಡಲ ಎನಿಸಿತು. ಶಿರಾ, ಮಧುಗಿರಿ, ಪಾವಗಡ ಮೈಸೂರಿಗೆ ಉಳಿದರೆ ಮಡಕಶಿರಾ ಕಂಪನಿಯ ಬಳ್ಳಾರಿ ಜಿಲ್ಲೆಗೂ, 1882ರಲ್ಲಿ ಅನಂತಪುರ ಜಿಲ್ಲೆಗೂ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೂ ಸೇರಿತು. ಒಂದೇ ಮಾತು, ಒಂದೇ ಜಾತ್ರೆ, ಕೊಟ್ಟುತಂದ ಸಂಬಂಧ. ಮಧ್ಯೆ ಮಾತ್ರ ಗೆರೆ. ಅರಮನೆಯ ಒಡೆಯ ಬದಲಾದ ಆ ವರ್ಷವೇ ಈ ಹಳ್ಳಿಗಳ ಒಡೆಯರೂ ಬದಲಾದರು.

ಬಳಿಕ ದರಿಯಾ ದೌಲತ್‌ನಲ್ಲಿ ವಾಸಕ್ಕೆ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುತ್ತಿಗೆಗೆ ಮುನ್ನವೇ ಕೆಡಿಸಲಾಗಿದ್ದ ಗೋಡೆಚಿತ್ರಗಳನ್ನು ಅವನು ಸರಿಪಡಿಸಿದನು. ತನ್ನವರು ಸೋತ ಯುದ್ಧದ ಚಿತ್ರವನ್ನು ದುರಸ್ತಿ ಮಾಡಿಸಿದನೆಂಬುದು ಗಮನಾರ್ಹ. ಅವನು ಹೊರಟುಹೋದ ಮೇಲೆ ಅವುಗಳಿಗೆ ಸುಣ್ಣ ಬಳಿದರು. ದ್ವೀಪದಲ್ಲಿ ಜ್ವರದ ಕಾಟ ಹೆಚ್ಚಿ, 1809ರಲ್ಲಿ ಬೆಂಗಳೂರಿನಲ್ಲಿ ದಂಡು ಸ್ಥಾಪನೆಯಾಯಿತು, ಪಟ್ಟಣ ಬರಿದಾಗತೊಡಗಿತು. ಟಿಪ್ಪುವಿನ ಮತ್ತೊಂದು ಅರಮನೆಯನ್ನು ಕಿತ್ತು, ಅದರ ತೊಲೆಗಳನ್ನು ಉದಕಮಂಡಲಕ್ಕೆ ಸಾಗಿಸಿ, 1830ರ ಸುಮಾರಿಗೆ ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿಗೆ ಬಳಸಿದರು. ದರಿಯಾ ದೌಲತ್‌ನ ತೇಗಕ್ಕೂ ಅದೇ ಗತಿ ಬರಬಹುದಿತ್ತು. ಆದರೆ ವೆಲ್ಲೆಸ್ಲಿ ಅಷ್ಟರಲ್ಲಿ ವಾಟರ್ಲೂ ಗೆದ್ದು ವೆಲಿಂಗ್ಟನ್ ಡ್ಯೂಕ್ ಎನಿಸಿದ್ದನು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದಾಗ, ಡ್ಯೂಕ್ ಇದ್ದ ಮನೆಯೆಂಬ ಕಾರಣಕ್ಕೆ ದುರಸ್ತಿಗೆ ಅಪ್ಪಣೆ ಮಾಡಿದನು. ಮೂಲಚಿತ್ರಗಳು ನೆನಪಿನಲ್ಲಿದ್ದ ಸ್ಥಳೀಯ ಚಿತ್ರಗಾರನೊಬ್ಬನು ಅವನ್ನು ಮತ್ತೆ ಬರೆದನು. ಕಟ್ಟಿಸಿದವನ ಹೆಸರು ಉಳಿಸದ ಮನೆಯನ್ನು ಬಾಡಿಗೆಯವನಂತೆ ಕೆಲಕಾಲ ಇದ್ದವನ ಹೆಸರು ಉಳಿಸಿತು. ಅದಕ್ಕೂ ಹೆಚ್ಚಾಗಿ ಉಳಿಸಿದ್ದು ಆ ಹೆಸರಿಲ್ಲದ ಚಿತ್ರಗಾರನ ನೆನಪು ಎನ್ನಬೇಕು.

1881ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ ದ್ವೀಪವು ಮೈಸೂರು ಸಂಸ್ಥಾನಕ್ಕೆ ಮರಳಿತು. 1959ರಲ್ಲಿ ಅರಮನೆಯಲ್ಲಿ ವಸ್ತುಸಂಗ್ರಹಾಲಯ ಏರ್ಪಟ್ಟು, ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಷ್ಟೆಲ್ಲ ಒಡೆಯರು ಬಂದು ಹೋದರೂ ಕೋಟೆಯೊಳಗಿನ ರಂಗನಾಥನ ಪೂಜೆ ನಡೆದುಬಂದಿದೆ. ಟಿಪ್ಪು ಕೊಟ್ಟ ಬೆಳ್ಳಿಯ ಬಟ್ಟಲುಗಳೂ ದೇವಾಲಯದ ಸೊತ್ತಿನಲ್ಲಿ ಸೇರಿವೆ.

ಶಿರಾದಲ್ಲಿ ದಿಲಾವರ್ ಖಾನನ ಅರಮನೆ ಪಾಳುಬಿತ್ತು. ಅದು ಹೇಗಿದ್ದಿರಬಹುದೆಂದು ತಿಳಿಯಬೇಕಾದವರು ನಿಮಿಷಾಂಬೆಯ ದರ್ಶನ ಮುಗಿಸಿ ಬರುವಾಗ, ಆ 12,000 ಕುಟುಂಬಗಳು ನಡೆದುಬಂದ ಗಂಜಾಮಿನ ಹಾದಿಯಲ್ಲಿ, ದರಿಯಾ ದೌಲತ್‌ನ ಮರದ ಕಂಬಗಳ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬಹುದು.