ಸಾತನೂರಿನ ರಾಗಿ, ಬೆಂಗಳೂರಿನ ಬಿಯರ್

2025–26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕೆ.ಜಿ.ಗೆ 49 ರೂಪಾಯಿಯೂ ಪೂರ್ತಿ ಆಗುವುದಿಲ್ಲ. ನಮ್ಮ ಸಾತನೂರಿನಿಂದ ಕನಕಪುರ ರಸ್ತೆ ಹಿಡಿದು ಸುಮಾರು 70 ಕಿ.ಮೀ. ಹೋದರೆ ಬೆಂಗಳೂರು. ಅಲ್ಲಿ ಹೋಟೆಲಿನಲ್ಲೇ ಬಿಯರ್ ತಯಾರಿಸಿ, ಅಲ್ಲೇ ಲೋಟಕ್ಕೆ ಬಿಟ್ಟುಕೊಡುವ ಜಾಗಗಳಿವೆ. ದೊಡ್ಡ ಲೋಟ ಒಂದಕ್ಕೆ ಹಲವು ಕಡೆ 300 ರೂಪಾಯಿ ದಾಟುತ್ತದೆ. ಆರು ಕೆ.ಜಿ. ರಾಗಿ ಮಾರಿದ ದುಡ್ಡು ಒಂದು ಲೋಟಕ್ಕೆ ಸರಿಹೋಯಿತು.

ಆ ಲೋಟಗಳಲ್ಲಿ ಕೆಲವಕ್ಕೆ ಈಗ ರಾಗಿಯೂ ಸೇರುತ್ತಿದೆ. ಮಾವಿನ ಕಾಲ ಬಂದರೆ ಮಾವಿನ ಹಣ್ಣಿನ ಬಿಯರೂ ಕೆಲವು ಕಡೆ ಸಿಗುತ್ತದೆ. ರಾಗಿ, ಮಾವು ಎರಡೂ ನಮ್ಮ ಜಿಲ್ಲೆಯ ಬೆಳೆಗಳೇ.

ಕುಡಿಯಿರಿ ಎಂದು ಹೇಳುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳು ಪ್ರತಿ ಊರಲ್ಲೂ ಇವೆ. ನಾವು ಕೇಳುತ್ತಿರುವುದು ಬೇರೆ: ನಮ್ಮ ಸೀಮೆಯಲ್ಲಿ ಹುಳಿಸಿ ಮಾರುವ ಹಕ್ಕು ಯಾರಿಗೆ ಸಿಕ್ಕಿತು, ಯಾರ ಕೈ ತಪ್ಪಿತು, ದುಡ್ಡು ಯಾವ ಕಡೆ ಹರಿಯಿತು?

ದಂಡಿನವರ ಬಿಯರ್

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಗೋರಾ ಸಿಪಾಯಿಗಳಿಗೆ ಬಿಯರ್ ಬೇಕಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಪೀಪಾಯಿ ದುಬಾರಿ. ಹಾಗಾಗಿ 19ನೇ ಶತಮಾನದಲ್ಲೇ ನೀಲಗಿರಿಯಲ್ಲಿ, ಬೆಂಗಳೂರಿನಲ್ಲಿ ಸಣ್ಣ ಸಣ್ಣ ಬ್ರೂವರಿಗಳು ಹುಟ್ಟಿಕೊಂಡವು. ಪೀಪಾಯಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ ಸೈನ್ಯಕ್ಕೆ ಸಾಗಿಸುತ್ತಿದ್ದರು.

1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1947ರಲ್ಲಿ ವಿಠಲ್ ಮಲ್ಯ ಅದರ ನಿರ್ದೇಶಕರಾದರು, ಮುಂದೆ ಕಂಪನಿ ಅವರ ಕೈಗೆ ಬಂತು. 1978ರಲ್ಲಿ ಕಿಂಗ್‌ಫಿಷರ್ ಬಾಟಲಿ ಮಾರುಕಟ್ಟೆಗೆ ಬಂತು. ಆ ಹಳೆಯ ಬ್ರೂವರಿ ಇದ್ದ ಜಾಗದಲ್ಲೇ ಇವತ್ತು ಯು.ಬಿ. ಸಿಟಿ ನಿಂತಿದೆ. ಹಿಂದೆ ಗ್ರಾಂಟ್ ರಸ್ತೆ ಎನ್ನುತ್ತಿದ್ದ ಆ ಬೀದಿಗೆ ಈಗ ವಿಠಲ್ ಮಲ್ಯ ರಸ್ತೆ ಎಂದು ಹೆಸರು. ಕಂಪನಿಯ ಬಹುಪಾಲು ಷೇರು 2021ರಲ್ಲಿ ನೆದರ್ಲೆಂಡ್ಸಿನ ಹೈನೆಕೆನ್ ಪಾಲಾಯಿತು.

ಈ ಬಿಯರಿಗೆ ಬೇಕಾದ ಬಾರ್ಲಿ ನಮ್ಮ ಕಡೆ ಬೆಳೆಯುವ ಪೈರಲ್ಲ. ಅದು ರಾಜಸ್ಥಾನ, ಹರಿಯಾಣ, ಉತ್ತರಪ್ರದೇಶದ ಚಳಿಗಾಲದ ಬೆಳೆ. ಕಹಿಗೆ ಹಾಕುವ ಹಾಪ್ಸ್ ಎಂಬ ಹೂವು ಹೆಚ್ಚಾಗಿ ಹೊರದೇಶದಿಂದ ಬರುತ್ತದೆ. ಹೀಗೆ ನೂರಕ್ಕೂ ಹೆಚ್ಚು ವರ್ಷ ಬೆಂಗಳೂರಿನ ಬಿಯರಿಗೂ ಬೆಂಗಳೂರಿನ ಸುತ್ತಲ ಹೊಲಕ್ಕೂ ನಂಟೇ ಇರಲಿಲ್ಲ.

ಹಳ್ಳಿಯ ಹೆಂಡ, ಪ್ಯಾಕೆಟ್ ಸಾರಾಯಿ

ಹಳ್ಳಿಯಲ್ಲಿ ಇದ್ದದ್ದು ಈಚಲು ಮರದ ಹೆಂಡ. ಹಳ್ಳದ ದಂಡೆ, ಕೆರೆಯ ಹಿಂದೆ ಈಚಲು ತಾನಾಗೇ ಬೆಳೆಯುತ್ತಿತ್ತು. ಮರ ಕೆತ್ತಿ ಹೆಂಡ ಇಳಿಸುವುದು ಈಡಿಗರ ಕುಲಕಸುಬು. ಅದಕ್ಕೂ ಸರ್ಕಾರದ ಹರಾಜು, ಗುತ್ತಿಗೆ ಇದ್ದವು. ಲಾಭ ಗುತ್ತಿಗೆದಾರನಿಗೆ, ಮರ ಹತ್ತುವವನಿಗೆ ಕೂಲಿ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಹಳೇ ಮೈಸೂರಿನಲ್ಲಿ ಪಾನನಿರೋಧ ಬಂತು, 1967ರಲ್ಲಿ ಸರ್ಕಾರ ಅದನ್ನು ತೆಗೆಯಿತು. ಆಮೇಲೆ ಹಳ್ಳಿಗಳನ್ನು ಆಳಿದ್ದು ಸಾರಾಯಿ. ಇದು ಹೊಲದ ಧಾನ್ಯದ್ದೂ ಅಲ್ಲ, ಮರದ ರಸವೂ ಅಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಭಟ್ಟಿ ಇಳಿಸಿದ್ದು. ಕೊನೆಕೊನೆಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಊರೂರಿಗೆ ಬಂತು. ಅಕ್ರಮವಾಗಿ ಮಾಡಿದ್ದು ಇನ್ನೂ ಘೋರ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಸಾರಾಯಿ ಅಂಗಡಿ ಮುಚ್ಚಿಸಿ ಎಂದು ಬೀದಿಗೆ ಇಳಿದವರು ಹೆಂಗಸರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಮುಖ್ಯಮಂತ್ರಿ ಆಗಿದ್ದವರು ರಾಮನಗರದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ.

ಒಂದೇ ವರ್ಷ, ಎರಡು ದಾರಿ

ಆ 2007 ನೆನಪಿಡಬೇಕಾದ ವರ್ಷ. ರಾಮನಗರ ಪ್ರತ್ಯೇಕ ಜಿಲ್ಲೆಯಾದದ್ದು ಆಗಲೇ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ ವರ್ಷ. ದ್ರಾಕ್ಷಿ ಬೆಳೆಗಾರನಿಗೆ ಅನುಕೂಲ ಆಗಲಿ, ವೈನ್ ತಯಾರಿಗೆ ಉತ್ತೇಜನ ಸಿಗಲಿ ಎಂದು ಸರ್ಕಾರವೇ ಹೇಳಿತು, ಆಮೇಲೆ ಅದಕ್ಕೊಂದು ಮಂಡಳಿಯನ್ನೂ ಮಾಡಿತು. ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ತಪ್ಪಲಲ್ಲಿ 1990ರ ದಶಕದಿಂದಲೇ ವೈನ್ ತಯಾರಾಗುತ್ತಿತ್ತು.

ಸಾರಾಯಿ ನಿಂತ ಮೇಲೆ ಹಳ್ಳಿಯ ಕುಡಿತ ನಿಂತಿತೆ? ಇಲ್ಲ. ಪ್ಯಾಕೆಟ್ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಬಾಟಲಿ, ಟೆಟ್ರಾ ಪ್ಯಾಕ್ ಬಂದವು. ಅಬಕಾರಿ ಆದಾಯ ಏರುತ್ತಲೇ ಹೋಯಿತು. ನಿಷೇಧವಾಗಿ ವರ್ಷ ತುಂಬುವ ಮುಂಚೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಹೆಂಗಸರ ಹೋರಾಟವೂ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಅವರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧ ಕೇಳಿಕೊಂಡು ಕಾಲ್ನಡಿಗೆಯಲ್ಲೇ ಬಂದರು.

ಸಣ್ಣ ಬ್ರೂವರಿ ತಿರುಗಿ ಬಂತು

2010ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸ್ ಕೊಡಲು ಶುರುಮಾಡಿತು. ಹೋಟೆಲಿನ ಒಳಗೇ ಸ್ಟೀಲ್ ಟ್ಯಾಂಕ್ ಇಟ್ಟು, ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಅಲ್ಲೇ ಮಾರಬಹುದು. ಇಂದಿರಾನಗರದಲ್ಲಿ ಟಾಯ್ಟ್, ವೈಟ್‌ಫೀಲ್ಡಿನಲ್ಲಿ ವಿಂಡ್‌ಮಿಲ್ಸ್, ನಗರದ ಮಧ್ಯದಲ್ಲಿ ಆರ್ಬರ್ ಬಂದವು. ಬಿಯರ್ ಕ್ಲಬ್ ಎಂಬ ಇನ್ನೊಂದು ಶುರುವಾದದ್ದು ಅದೇ ವಿಠಲ್ ಮಲ್ಯ ರಸ್ತೆಯಲ್ಲಿ. 1915ರಲ್ಲಿ ದೊಡ್ಡ ಕಂಪನಿಯೊಳಗೆ ಕರಗಿಹೋಗಿದ್ದ ಸಣ್ಣ ಬ್ರೂವರಿ, ಹತ್ತಿರ ಹತ್ತಿರ ನೂರು ವರ್ಷಕ್ಕೆ ಬೇರೆ ರೂಪದಲ್ಲಿ ತಿರುಗಿ ಬಂತು. ಈಗ ನಗರದಲ್ಲಿ ಇಂಥವು ಹತ್ತಾರಿವೆ. ಗಿರಾಕಿಗಳು ಹೆಚ್ಚಾಗಿ ಕಂಪನಿ ಕೆಲಸದ ಯುವಕ ಯುವತಿಯರು.

ದೊಡ್ಡ ಕಂಪನಿಯ ಬಾಟಲಿ ಎಲ್ಲಿ ಕುಡಿದರೂ ಒಂದೇ ರುಚಿ. ಇವರಿಗೆ ಬೇಕಾದದ್ದು ಬೇರೆ ಬೇರೆ ರುಚಿ. ಕಾಫಿ, ಬೆಲ್ಲ, ಮಾವು, ಸಿರಿಧಾನ್ಯಗಳ ಕಡೆ ಇವರ ಕಣ್ಣು ಬಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ್ದರಿಂದ ರಾಗಿಗೂ ಹೆಸರು ಬಂತು.

ರಾಗಿಯಿಂದ ಬಿಯರ್ ಆಗುತ್ತದೆಯೇ?

ಚೆನ್ನಾಗಿಯೇ ಆಗುತ್ತದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಉಗಾಂಡದ ತೇಸೋ ಜನ ರಾಗಿ ಹುಳಿಸಿ ಮಾಡುವ ಪಾನೀಯಕ್ಕೆ ಅಜೋನ್ ಎನ್ನುತ್ತಾರೆ. ಮಡಕೆಯ ಸುತ್ತ ಕೂತು, ಉದ್ದದ ಕೊಳವೆ ಇಟ್ಟು ಹೀರುತ್ತಾರೆ. ನೇಪಾಳದ ಲಿಂಬು ಜನ ಹುಳಿಸಿದ ರಾಗಿಗೆ ಬಿಸಿನೀರು ಹುಯ್ದು ಕುಡಿಯುವ ತೊಂಗ್ಬಾ ಇದೆ.

ಇದರ ಮೊದಲ ಹೆಜ್ಜೆ ನಮ್ಮ ತಾಯಂದಿರಿಗೆ ಗೊತ್ತಿರುವುದೇ. ಮಗುವಿಗೆ ಮಾಲ್ಟ್ ಮಾಡುವಾಗ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿಯುತ್ತೇವೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಹಿಟ್ಟಿನ ಅಂಶವನ್ನು ಸಕ್ಕರೆ ಮಾಡುತ್ತವೆ. ಅದಕ್ಕೇ ಮಾಲ್ಟಿನಲ್ಲಿ ಸಣ್ಣ ಸಿಹಿ. ಬ್ರೂವರಿಯಲ್ಲಿ ಆ ಸಿಹಿನೀರಿಗೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ.

ತೊಡಕು ಒಂದಿದೆ. ಬಾರ್ಲಿಗೆ ಹೊಟ್ಟು ಇರುತ್ತದೆ, ಸೋಸುವಾಗ ಆ ಹೊಟ್ಟೇ ಜರಡಿಯ ಕೆಲಸ ಮಾಡುತ್ತದೆ. ರಾಗಿ ಕಣದಲ್ಲೇ ಹೊಟ್ಟು ಕಳಚಿಕೊಳ್ಳುವ ಸಣ್ಣ ಕಾಳು. ಅದೊಂದನ್ನೇ ಹಾಕಿದರೆ ಗಂಜಿಯ ಹಾಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬಾರ್ಲಿ ಮಾಲ್ಟಿನ ಜೊತೆ ಒಂದು ಪಾಲು ರಾಗಿ ಬೆರೆಸುವುದು ಸುಲಭದ ದಾರಿ.

ದುಡ್ಡು ಎಲ್ಲಿ ನಿಲ್ಲುತ್ತದೆ

ಬ್ರೂವರಿಗೆ ಬೇಕಾದದ್ದು ಬರೀ ರಾಗಿಯಲ್ಲ, ಒಂದೇ ಸಮ ಮೊಳೆತು, ಒಂದೇ ಹದಕ್ಕೆ ಒಣಗಿದ ರಾಗಿ ಮಾಲ್ಟ್. ಕಾಳಿಗೆ ಇಲ್ಲದ ಬೆಲೆ ಇರುವುದು ಈ ಮಾಲ್ಟಿಗೆ. ನಮ್ಮ ಹೋಬಳಿಯ ರೈತ ಮಾರುವುದು ಬರೀ ಕಾಳು. ಮುಂಗಾರಿನಲ್ಲಿ ಬಿತ್ತಿ, ಅಕ್ಕಡಿಗೆ ಅವರೆ ಹಾಕಿ, ಕೊಯ್ದು, ಮೆದೆ ಒಟ್ಟಿ, ಒಕ್ಕಣೆ ಮಾಡಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಾನೆ. ಕಾಯಲು ಆಗದವನು ದಲ್ಲಾಳಿಗೆ ಕಡಿಮೆಗೆ ಕೊಡುತ್ತಾನೆ.

ಬ್ರೂವರಿಗಳು ಕೊಳ್ಳುವ ರಾಗಿ ಎಷ್ಟೆಂದರೂ ರಾಜ್ಯದ ಬೆಳೆಯಲ್ಲಿ ಹಿಡಿಯಷ್ಟು. ಅದನ್ನು ನಂಬಿ ಯಾರೂ ಸಾಲ ಮಾಡಬೇಕಿಲ್ಲ. ಆದರೆ ಅದೇ ಮೊಳಕೆ ರಾಗಿಯನ್ನು ಮಕ್ಕಳ ಆಹಾರದವರು, ಬೇಕರಿಯವರು, ಮಾಲ್ಟ್ ಪುಡಿಯವರು ಇದಕ್ಕಿಂತ ಬಹಳ ಹೆಚ್ಚು ಕೊಳ್ಳುತ್ತಾರೆ. ರೈತ ಉತ್ಪಾದಕ ಕಂಪನಿಯೋ ಸ್ತ್ರೀಶಕ್ತಿ ಸಂಘವೋ ಮೊಳಕೆ ಕಟ್ಟಿ ಒಣಗಿಸುವ ಘಟಕ ಇಟ್ಟುಕೊಂಡರೆ ಗಿರಾಕಿ ಬ್ರೂವರಿಯೇ ಆಗಬೇಕೆಂದಿಲ್ಲ. ಹೆಂಡದ ವಿಚಾರದಲ್ಲಿ ಮನಸ್ಸಿಲ್ಲದವರೂ ಮಾಡಬಹುದಾದ ಕೆಲಸ ಇದು.

ದ್ರಾಕ್ಷಿಗೆ 2007ರಲ್ಲಿ ನೀತಿ ಸಿಕ್ಕಿತು. ರಾಗಿಗೆ ಸಿಕ್ಕಿದ್ದು ಬೆಂಬಲ ಬೆಲೆ ಮತ್ತು ಪಡಿತರದ ಚೀಲ. ಎರಡೂ ಬೇಕು, ಆದರೆ ಎರಡರಲ್ಲೂ ರಾಗಿ ಕಾಳಾಗಿಯೇ ಊರು ಬಿಡುತ್ತದೆ. ಮುಂದಿನ ಗ್ರಾಮಸಭೆಯಲ್ಲೋ ಹೋಬಳಿಯ ಕೃಷಿ ಅಧಿಕಾರಿ ಸಿಕ್ಕಾಗಲೋ ಇದೊಂದನ್ನು ಕೇಳಿ: ಸಾತನೂರಿನಲ್ಲಿ ರಾಗಿ ಮಾಲ್ಟ್ ಘಟಕಕ್ಕೆ ಯಾವ ಯೋಜನೆಯಲ್ಲಿ ಸಹಾಯಧನ ಇದೆ, ಅರ್ಜಿ ಯಾರಿಗೆ ಕೊಡಬೇಕು? ಉತ್ತರ ಸಿಕ್ಕಿದರೆ ನಮಗೂ ತಿಳಿಸಿ, ಇಲ್ಲಿ ಹಾಕುತ್ತೇವೆ.